ಉದ್ದ ಸವಾರಿಯೋ, ಇಂಟರ್ವಲೋ: ಎರಡನ್ನೂ ಮಾಡಿ ನೋಡಿದೆ

ಬ್ರೆವೆ ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ. 400 ಕಿ.ಮೀ. ಬ್ರೆವೆಗೆ ಗಡುವು 27 ಗಂಟೆ. ಮೊದಲ ಸಲ ನಾನು ಮುಗಿಸಿದಾಗ ಉಳಿದಿದ್ದು ನಲವತ್ತು ನಿಮಿಷ. ಕೊನೆಯ ನೂರು ಕಿ.ಮೀ. ಕುತ್ತಿಗೆ ಎತ್ತಲಾಗದೆ ತುಳಿದಿದ್ದೆ. ಮುಂದಿನ ಸಲ ಬೇಗ ಮುಗಿಸಲೇಬೇಕು ಅನ್ನಿಸಿತು. ಕೆಲವರು ಹೆಚ್ಚು ಹೊತ್ತು ತುಳಿ ಅಂದರು, ಇನ್ನು ಕೆಲವರು ಕಡಿಮೆ ಹೊತ್ತು ಜೋರಾಗಿ ತುಳಿ ಅಂದರು. ಎರಡನ್ನೂ ಹತ್ತತ್ತು ವಾರ ಮಾಡಿ, ಒಂದೊಂದರ ಕೊನೆಗೂ ಒಂದು 400 ಓಡಿಸಿದೆ.

ಮೊದಲು ಉದ್ದ ಸವಾರಿ. ಪ್ರತಿ ವಾರಾಂತ್ಯ 120ರಿಂದ 180 ಕಿ.ಮೀ., ಜೊತೆಗಿದ್ದವರ ಹತ್ತಿರ ಏದುಸಿರಿಲ್ಲದೆ ಮಾತಾಡುವಷ್ಟು ನಿಧಾನ. ಈ ವೇಗದಲ್ಲಿ ದೇಹ ಕೊಬ್ಬನ್ನು ಹೆಚ್ಚು ಉರಿಸಲು ಕಲಿಯುತ್ತದೆ. ಸೀಟು, ಅಂಗೈ, ಹೊಟ್ಟೆ ಮೂರೂ ಪಳಗುತ್ತವೆ. ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್ ತಿನ್ನುವುದನ್ನು ನಾನು ರೂಢಿಸಿಕೊಂಡಿದ್ದೇ ಆಗ. ಆದರೆ ಆರನೇ ವಾರದ ನಂತರ ವೇಗ ನಿಂತಲ್ಲೇ ನಿಂತಿತು, ಶನಿವಾರಗಳೆಲ್ಲ ಇದಕ್ಕೇ ಹೋದವು. 400 ಮುಗಿಸಿದ್ದು 24 ಗಂಟೆ 30 ನಿಮಿಷಕ್ಕೆ.

ಆಮೇಲೆ ಇಂಟರ್ವಲ್, ಅಂದರೆ ಸ್ವಲ್ಪ ಹೊತ್ತು ಜೋರಾಗಿ, ನಡುನಡುವೆ ಸಲೀಸಾಗಿ ತುಳಿಯುವುದು. ವಾರಕ್ಕೆ ಎರಡೇ ದಿನ, ದಿನಕ್ಕೆ ಒಂದೊಂದು ಗಂಟೆ. ಒಂದು ದಿನ ನಾಲ್ಕು ನಿಮಿಷದಂತೆ ನಾಲ್ಕು ಸಲ, ನಡುವೆ ಮೂರು ನಿಮಿಷ ಸಲೀಸು. ಇನ್ನೊಂದು ದಿನ ಇಪ್ಪತ್ತು ನಿಮಿಷದಂತೆ ಎರಡು ಸಲ, ಒಂದು ಗಂಟೆ ತಡೆಯಬಲ್ಲ ವೇಗಕ್ಕಿಂತ ತುಸು ಕೆಳಗೆ. ಮೂರನೇ ಸುತ್ತಿನ ಕೊನೆಯ ನಿಮಿಷದಲ್ಲಿ ಮೂಗಿನ ತುದಿಯಿಂದ ಬೆವರು ಮೀಟರಿನ ಗಾಜಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅಂಕಿ ಮಸುಕಾಗಿ, ಬರೀ ಉಸಿರು ಎಣಿಸುತ್ತ ತುಳಿಯುತ್ತಿದ್ದೆ. ನಾಲ್ಕೇ ವಾರಕ್ಕೆ ಏರಿನಲ್ಲಿ, ಎದುರುಗಾಳಿಯಲ್ಲಿ ವ್ಯತ್ಯಾಸ ಕಾಣಿಸಿತು. 200 ಕಿ.ಮೀ. ಸುಲಭವಾಗಿ ಮುಗಿಯಿತು.

400ರಲ್ಲಿ ಮಾತ್ರ 250ರ ನಂತರ ಕಥೆ ಬದಲಾಯಿತು. ಕಾಲಿನಲ್ಲಿ ಕಸುವಿತ್ತು, ಆದರೆ ಅಂಗೈ ಜೋಮುಗಟ್ಟಿತು, ಹೊಟ್ಟೆ ಏನನ್ನೂ ಒಪ್ಪಲಿಲ್ಲ. ಪ್ರತಿ ಕಂಟ್ರೋಲ್‌ನಲ್ಲೂ (ದಾರಿಯಲ್ಲಿ ಸವಾರರ ಕಾರ್ಡಿಗೆ ಮುದ್ರೆ ಹಾಕುವ ಜಾಗ) ಕೂತು ಎದ್ದೇಳಲು ಮನಸ್ಸಾಗುತ್ತಿರಲಿಲ್ಲ. ಮುಗಿಸಿದ್ದು 24 ಗಂಟೆ 10 ನಿಮಿಷಕ್ಕೆ. ತುಳಿಯುವ ವೇಗ ಗಂಟೆಗೆ 22 ಕಿ.ಮೀ.ನಿಂದ 23ಕ್ಕೆ ಏರಿತ್ತು. ಹಾಗೆ ಉಳಿಸಿದ ಸಮಯದಲ್ಲಿ ಅರ್ಧಕ್ಕೂ ಹೆಚ್ಚನ್ನು ನಿಲುಗಡೆಯಲ್ಲೇ ಕಳೆದುಕೊಂಡೆ. ಮೊದಲ ಹತ್ತು ವಾರಗಳ ಅಡಿಪಾಯ ಇದಕ್ಕೂ ಸಿಕ್ಕಿತ್ತು ಅನ್ನುವುದನ್ನೂ ನೆನಪಿಡಬೇಕು.

ಇಲ್ಲೊಂದು ಲೆಕ್ಕ ಇದೆ. ವೇಗವನ್ನು 22ರಿಂದ 24ಕ್ಕೆ ಏರಿಸಿದರೆ 400 ಕಿ.ಮೀ.ಗೆ ಒಂದೂವರೆ ಗಂಟೆ ಉಳಿಯುತ್ತದೆ. ಗಾಳಿ ಸೀಳಲು ಬೇಕಾದ ಶಕ್ತಿ ವೇಗದ ಘನದಷ್ಟು ಏರುವುದರಿಂದ, ಆ ಎರಡು ಕಿ.ಮೀ.ಗಾಗಿ ಗಾಳಿಯ ಎದುರು ಸುಮಾರು ಶೇ. 30ರಷ್ಟು ಹೆಚ್ಚು ದುಡಿಯಬೇಕು. ಅದೇ ಒಂದೂವರೆ ಗಂಟೆ ನಿಲುಗಡೆಯಲ್ಲೂ ಸಿಗುತ್ತದೆ: ಕಾರ್ಡಿಗೆ ಮುದ್ರೆ, ಬಾಟಲಿಗೆ ನೀರು, ಜೇಬಿಗೆ ತಿಂಡಿ, ಹೊರಡು. ಕೂರಬಾರದು. ಆದರೆ ಕೂರದೆ ಹೊರಡುವ ದೇಹ ಇಂಟರ್ವಲ್‌ನಿಂದ ಬರಲಿಲ್ಲ, ಉದ್ದ ಸವಾರಿಯೇ ಅದನ್ನು ಕೊಟ್ಟಿದ್ದು.

200ರವರೆಗೆ ಮಾತ್ರ ಓಡಿಸುವವರಿಗೆ, ವಾರಕ್ಕೆ ನಾಲ್ಕೈದು ಗಂಟೆಯಷ್ಟೇ ಬಿಡುವಿರುವವರಿಗೆ, ಇಂಟರ್ವಲ್ ಸಾಕು. 300 ದಾಟಿದರೆ ಉದ್ದ ಸವಾರಿ ಬಿಡಲೇಬೇಡಿ. ಎರಡರಲ್ಲಿ ಒಂದನ್ನೇ ಉಳಿಸಿಕೋ ಅಂದರೆ ನಾನು ಅದನ್ನೇ ಉಳಿಸಿಕೊಳ್ಳುತ್ತೇನೆ. ಈಗ ವಾರಕ್ಕೆ ಎರಡು ಇಂಟರ್ವಲ್, ವಾರ ಬಿಟ್ಟು ವಾರ ಒಂದು ಉದ್ದ ಸವಾರಿ, ನಾಲ್ಕನೇ ವಾರ ಎಲ್ಲವೂ ಅರ್ಧ. ಉದ್ದ ಸವಾರಿಯಲ್ಲೂ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಕಳೆದ 400ರಲ್ಲಿ ತುಳಿದಿದ್ದು 17 ಗಂಟೆ, ನಿಂತಿದ್ದು 4.