ಹನ್ನೆರಡು ದಿನದ ಮಿಷನ್ ಟ್ರಿಪ್‌ಗೆ ಹೆಸರು ಕೊಡುವ ಮುಂಚೆ

ದಸರಾ ರಜೆ ಹತ್ತಿರ ಬಂದರೆ ಸಾಕು, ನಮ್ಮ ಚರ್ಚ್ ಸಭೆಗಳ ಯೂತ್ ಗ್ರೂಪ್‌ಗಳಲ್ಲಿ ಪೋಸ್ಟರ್ ಓಡಾಡಲು ಶುರುವಾಗುತ್ತದೆ. 'ನೇಪಾಳದ ಹಳ್ಳಿಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸಿ. 12 ದಿನ. ಕಾಲೇಜು ವಿದ್ಯಾರ್ಥಿಗಳಿಗೆ ಮಾತ್ರ.' ಹಿಂದೆ ಹಿಮದ ಬೆಟ್ಟ, ಮುಂದೆ ನಗುವ ಮಗು. 2024ರ ಅಕ್ಟೋಬರ್‌ನಲ್ಲಿ ನಾನೂ ಅಂಥದ್ದೇ ಪೋಸ್ಟರ್ ನೋಡಿ ಹೋದವಳು. ಹೋಗಬೇಕೆಂದಿರುವ ತಮ್ಮ ತಂಗಿಯರು ದುಡ್ಡು ಕಟ್ಟುವ ಮುಂಚೆ ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ.

ನಂಬಿಕೆ ಬಿಟ್ಟವಳ ಸಿಟ್ಟು ಅಂದುಕೊಳ್ಳಬೇಡಿ. ಈಗಲೂ ಭಾನುವಾರ ಕ್ವಾಯರ್‌ನಲ್ಲಿ ಹಾಡುತ್ತೇನೆ. ಸಂಸ್ಥೆಯ ಹೆಸರು, ಊರಿನ ಹೆಸರು ಎರಡನ್ನೂ ಬರೆಯುತ್ತಿಲ್ಲ. ಬರೆದರೆ ಪೆಟ್ಟು ಬೀಳುವುದು ನಮ್ಮ ಲೀಡರ್‌ಗಲ್ಲ, ಆ ಊರಿನವರಿಗೆ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ತಲಾ 38 ಸಾವಿರ ರೂಪಾಯಿ. ಅಪ್ಪನ ಕೈಯಲ್ಲಿ ಅಷ್ಟು ಇರಲಿಲ್ಲ. ಊರಿಗೆ ಹೋಗಿ, ಬೆಟಗೇರಿಯ ನಮ್ಮ ಸಭೆಯಲ್ಲಿ ಕವರ್ ಹಂಚಿದೆ. ಆರಾಧನೆ ಮುಗಿದ ಮೇಲೆ ನಮ್ಮ ಓಣಿಯ ಅಜ್ಜಿಯೊಬ್ಬರು ಸೆರಗಿನ ಗಂಟು ಬಿಚ್ಚಿ ಐದುನೂರರ ಒಂದು ನೋಟು ಕೈಗಿಟ್ಟರು. ಪಿಂಚಣಿ ದುಡ್ಡು. "ಆ ಹುಡುಗರಿಗೆ ಏನರ ತಿನ್ನಾಕ ಕೊಡ್ಸ್ ಯವ್ವಾ" ಅಂದರು. ಆ ನೋಟನ್ನು ಬೇರೆ ದುಡ್ಡಿನ ಜೊತೆ ಸೇರಿಸದೆ ಬೈಬಲ್ ಒಳಗೆ ಇಟ್ಟುಕೊಂಡು ಹೋದೆ. ಅಲ್ಲಿ ಹೋಗಿ ಅಂಗಡಿಯಲ್ಲಿ ಕೊಟ್ಟರೆ ತೆಗೆದುಕೊಳ್ಳಲಿಲ್ಲ. ನೂರಕ್ಕಿಂತ ದೊಡ್ಡ ಭಾರತದ ನೋಟು ನೇಪಾಳದಲ್ಲಿ ನಡೆಯುವುದಿಲ್ಲ ಅಂತ 2018ರ ಡಿಸೆಂಬರ್‌ನಲ್ಲೇ ಅಲ್ಲಿನ ಸರ್ಕಾರ ಹೇಳಿತ್ತಂತೆ. ವರ್ಷ ವರ್ಷ ಟೀಮ್ ಕರೆದುಕೊಂಡು ಹೋಗುವವರು ಇದನ್ನೊಂದು ಹೇಳಬಾರದಿತ್ತಾ?

ಬೆಂಗಳೂರಿನಲ್ಲಿ ಎರಡು ಶನಿವಾರ ತರಬೇತಿ. ಹನ್ನೊಂದು ಜನ ಇದ್ದೆವು. ಆಕ್ಷನ್ ಸಾಂಗ್ ಕಲಿತೆವು, ಒಂದು ಸ್ಕಿಟ್ ಕಲಿತೆವು, ಟೀಶರ್ಟ್ ಸೈಜ್ ಕೊಟ್ಟೆವು. ಪಾಠ ಹೇಗೆ ಮಾಡಬೇಕು, ಮಕ್ಕಳು ಎಷ್ಟನೇ ಕ್ಲಾಸು, ಅವರ ಪಠ್ಯ ಯಾವುದು, ಒಂದು ಮಾತಿಲ್ಲ. ನೇಪಾಳಿಯಲ್ಲಿ 'ನಿನ್ನ ಹೆಸರೇನು' ಅಂತ ಕೇಳಲೂ ಬರುತ್ತಿರಲಿಲ್ಲ. ನಮ್ಮ ಬೆಟಗೇರಿಗೆ ಬಾಸೆಲ್ ಮಿಷನ್ ಬಂದದ್ದು 1841ರಲ್ಲಿ. ಕಿಟ್ಟೆಲ್ ಈ ಕಡೆ ಬಂದದ್ದು 1853ರಲ್ಲಿ, ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ಅವರ ಕಾಲದವರ ಬಗ್ಗೆ ಬೇರೆ ತಕರಾರು ಏನೇ ಇರಲಿ, ಬಂದವರು ಇಲ್ಲಿ ಕೂತು ಭಾಷೆ ಕಲಿತರು. ನಾವು ಟೀಶರ್ಟ್ ಹಾಕಿಕೊಂಡು ಹೊರಟೆವು.

ಹೊರಡುವ ವಾರದ ಹಿಂದೆ, ಸೆಪ್ಟೆಂಬರ್ ಕೊನೆಯಲ್ಲಿ, ನೇಪಾಳದಲ್ಲಿ ಭಾರಿ ಮಳೆ. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ನಾವು ಹೋಗಬೇಕಿದ್ದ ಧಾದಿಂಗ್ ಜಿಲ್ಲೆಯಲ್ಲೇ, ಝ್ಯಾಪ್ಲೆ ಖೋಲಾ ಅನ್ನುವ ಕಡೆ ಗುಡ್ಡ ಕುಸಿದು ಬಸ್ಸುಗಳು ಹೂತುಹೋಗಿ ಮೂವತ್ತಕ್ಕೂ ಹೆಚ್ಚು ಜನ ತೀರಿಕೊಂಡಿದ್ದರು. ಕಠ್ಮಂಡುವಿನಿಂದ ಹೋಗಲು ಅದೇ ದಾರಿ. ಮುಂದಕ್ಕೆ ಹಾಕೋಣವಾ ಅಂತ ಗ್ರೂಪ್‌ನಲ್ಲಿ ಕೇಳಿದೆ. "ಕರ್ತನು ನೋಡಿಕೊಳ್ಳುತ್ತಾನೆ ಸಿಸ್ಟರ್, ವಿಶ್ವಾಸ ಬೇಕು" ಅಂತ ನಮ್ಮ ಲೀಡರ್ ಅಣ್ಣನ ಉತ್ತರ. ಕೆಳಗೆ ಸಾಲಾಗಿ ಕೈಮುಗಿದ ಎಮೋಜಿ. ಇನ್ಶೂರೆನ್ಸ್ ಮಾಡಿಸಿದ್ದೀರಾ ಅಂತ ಕೇಳುವ ಧೈರ್ಯ ಆಮೇಲೆ ಯಾರಿಗೂ ಬರಲಿಲ್ಲ. ಮಾಡಿಸಿರಲಿಲ್ಲ.

ಮೊದಲ ಪೆಟ್ಟು ಬೆಂಗಳೂರು ಏರ್‌ಪೋರ್ಟ್‌ನಲ್ಲೇ. 'ಯಾವುದಾದರೂ ಐಡಿ ಕಾರ್ಡ್ ತನ್ನಿ, ನೇಪಾಳಕ್ಕೆ ವೀಸಾ ಬೇಡ' ಅಂತ ಮೆಸೇಜ್ ಬಂದಿತ್ತು. ವೀಸಾ ಬೇಡ, ನಿಜ. ಆದರೆ ವಿಮಾನದಲ್ಲಿ ಹೋಗುವ ನಮ್ಮ ವಯಸ್ಸಿನವರಿಗೆ ಪಾಸ್‌ಪೋರ್ಟ್ ಬೇಕು, ಇಲ್ಲ ವೋಟರ್ ಐಡಿ ಬೇಕು. ಆಧಾರ್ ನಡೆಯಲ್ಲ. ಹಾವೇರಿ ಕಡೆಯ ಹುಡುಗಿಯೊಬ್ಬಳ ಹತ್ತಿರ ಆಧಾರ್ ಬಿಟ್ಟರೆ ಕಾಲೇಜ್ ಐಡಿ ಮಾತ್ರ ಇತ್ತು. ಕೌಂಟರ್‌ನವರು ಬಿಡಲಿಲ್ಲ. ಅವಳ ಅಪ್ಪ ಟಾಟಾ ಮಾಡಿ ಇನ್ನೂ ಗೇಟಿನ ಆಚೆ ನಿಂತಿದ್ದರು. ಅವರ ಜೊತೆಯಲ್ಲೇ ವಾಪಸ್ ಹೋದಳು. 38 ಸಾವಿರದಲ್ಲಿ ಒಂದು ರೂಪಾಯಿ ತಿರುಗಿ ಬರಲಿಲ್ಲ. 'ಇದರಲ್ಲೂ ದೇವರ ಉದ್ದೇಶ ಇದೆ' ಅಂತ ಅವಳಿಗೆ ಒಂದು ವಾಯ್ಸ್ ಮೆಸೇಜ್ ಹೋಯಿತು, ಅಷ್ಟೇ.

ಅಕ್ಟೋಬರ್ 6ಕ್ಕೆ ಊರು ತಲುಪಿದೆವು. ಕುಸಿದ ಗುಡ್ಡದ ಪಕ್ಕದಲ್ಲೇ ವ್ಯಾನ್ ನಿಧಾನಕ್ಕೆ ಹೋಯಿತು. ಹಾಡು ನಿಂತಿತು. ಯಾರೂ ಮಾತಾಡಲಿಲ್ಲ.

ಮರುದಿನ ಟೀಶರ್ಟ್ ಹಾಕಿಕೊಂಡು ಶಾಲೆಗೆ ಹೋದರೆ ಬೀಗ.

ನಮಗೆ ದಸರಾ ರಜೆ ಇದ್ದರೆ ಅವರಿಗೂ ಇರುತ್ತದೆ ಅನ್ನುವುದು ಹನ್ನೊಂದು ಜನರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ! ನೇಪಾಳದಲ್ಲಿ ದಶೈಂ ಅಂದರೆ ವರ್ಷದ ದೊಡ್ಡ ಹಬ್ಬ. ಶಾಲೆ, ಆಫೀಸು ಎಲ್ಲ ಮುಚ್ಚಿ, ದೂರದಲ್ಲಿ ದುಡಿಯುವವರೂ ಊರಿಗೆ ಬರುತ್ತಾರೆ. ನಮ್ಮನ್ನು ಮನೆಯಲ್ಲಿ ಇಟ್ಟುಕೊಂಡಿದ್ದ ಅಲ್ಲಿನ ಪಾಸ್ಟರ್ ಆಮೇಲೆ ಮೆಲ್ಲಗೆ ಹೇಳಿದರು, ಈ ತಾರೀಖು ಬೇಡ ಅಂತ ಎರಡು ಸಲ ತಿಳಿಸಿದ್ದರಂತೆ. 'ರಜೆ ಇದ್ದರೆ ಮಕ್ಕಳು ಫ್ರೀ ಇರ್ತಾರೆ, ಇನ್ನೂ ಒಳ್ಳೆಯದೇ' ಅಂತ ನಮ್ಮವರ ಉತ್ತರ ಹೋಗಿತ್ತು.

ಮಕ್ಕಳು ಫ್ರೀ ಏನೂ ಇರಲಿಲ್ಲ. ಶಾಲೆಯ ಹಿಂದಿನ ಬಯಲಿನಲ್ಲಿ ನಾಲ್ಕು ಉದ್ದ ಬಿದಿರು ನೆಟ್ಟು, ತುದಿ ಸೇರಿಸಿ ಕಟ್ಟಿ, ಹುಲ್ಲಿನ ಹಗ್ಗದ ಜೋಕಾಲಿ ಹಾಕಿದ್ದರು. ಪಿಂಗ್ ಅಂತ ಕರೆಯುತ್ತಾರೆ. ನಮ್ಮ ಕಡೆ ಪಂಚಮಿಗೆ ಬೇವಿನ ಮರಕ್ಕೆ ಕಟ್ಟುತ್ತೇವಲ್ಲ, ಹಾಗೆ. ಒಬ್ಬಳು ನಿಂತು ಜೀಕಿದರೆ ಬಿದಿರು ನಾಲ್ಕೂ ಕಿರ್ ಅನ್ನುತ್ತಾ ಬಾಗುತ್ತಿದ್ದವು. ಸಾಲು ಹಚ್ಚಿ ನಿಂತ ಮಕ್ಕಳು, ಮೇಲೆ ಗಾಳಿಪಟ. ಅಂಥ ಜೋಕಾಲಿಯಿಂದ ಇಳಿಸಿ, ಬಿಸ್ಕತ್ತಿನ ಆಸೆ ತೋರಿಸಿ, ಚರ್ಚಿನ ತಗಡಿನ ಹಾಲ್‌ಗೆ ಕರೆತಂದು 'ಎ ಫಾರ್ ಆ್ಯಪಲ್' ಹೇಳಿಕೊಟ್ಟೆವು. ಪಂಚಮಿ ದಿನ ಯಾರಾದರೂ ಹೀಗೆ ಮಾಡಿದ್ದರೆ ನಮ್ಮಮ್ಮ ಕಸಬರಿಗೆ ತೆಗೆದುಕೊಳ್ಳುತ್ತಿದ್ದಳು.

ಅದೂ ಅವರಿಗೆ ಬರುತ್ತಿತ್ತು. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ನಮ್ಮ ಆಕ್ಷನ್ ಸಾಂಗನ್ನು ನಮಗಿಂತ ಮೊದಲೇ ಹಾಡಿ ಮುಗಿಸಿಬಿಟ್ಟಳು. ಅವಳ ನೋಟ್‌ಬುಕ್ ತೆಗೆದು ನೋಡಿದೆ. ಹಿಂದಿನ ಪುಟಗಳಲ್ಲಿ ಬೇರೆ ಬೇರೆ ಪೆನ್ನಿನಲ್ಲಿ ಬೇರೆ ಬೇರೆ ಟೀಮ್‌ನವರ ಸಹಿ, ಹೃದಯದ ಚಿತ್ರ, 'ನಿನ್ನನ್ನು ಎಂದೂ ಮರೆಯಲ್ಲ' ಅಂತ ಇಂಗ್ಲಿಷ್‌ನಲ್ಲಿ. ಮೂರು ಟೀಮು, ಒಂದೇ ಹಾಡು, ಒಂದೇ ಎ ಫಾರ್ ಆ್ಯಪಲ್. ಯಾರಾದರೂ ತಿರುಗಿ ಬಂದಿದ್ದಾರಾ ಅಂತ ಕೇಳಿದೆ. ಇಲ್ಲ ಅಂತ ತಲೆಯಾಡಿಸಿ, ನನ್ನ ಸಹಿಗೂ ಪುಟ ತೆರೆದು ಹಿಡಿದಳು. ಅವಳಿಗೆ ಬೇಕಿದ್ದದ್ದು ಗಣಿತದಲ್ಲಿ ಸಹಾಯ. ನಮ್ಮಲ್ಲಿ ಇಬ್ಬರು ಬಿಎಸ್ಸಿಯವರಿದ್ದರು. ಆದರೆ ಪ್ರೋಗ್ರಾಮ್ ಶೀಟ್‌ನಲ್ಲಿ ಗಣಿತ ಇರಲಿಲ್ಲ.

ನಾಲ್ಕನೇ ದಿನದಿಂದ ಇಂಗ್ಲಿಷೂ ಇರಲಿಲ್ಲ. ಬೆಳಿಗ್ಗೆ ಅಣ್ಣ ಒಂದು ಚೀಲ ಬಿಚ್ಚಿದರು. ನೇಪಾಳಿ ಕರಪತ್ರಗಳು. ಜೊತೆಗೆ ಒಂದು ಹಾಳೆ, ಯೇಸುವನ್ನು ಒಪ್ಪುತ್ತೇವೆ ಅಂತ ಎಷ್ಟು ಮಕ್ಕಳು ಕೈ ಎತ್ತಿದರು ಅಂತ ಬರೆದುಕೊಳ್ಳಲು. 'ಇಷ್ಟು ದಿನ ನೆಲ ಉತ್ತದ್ದು, ಇವತ್ತು ಬಿತ್ತನೆ' ಅಂದರು. ನಾವು ಟೀಚಿಂಗ್‌ಗೆ ಬಂದವರಲ್ವಾ ಅಂದದ್ದಕ್ಕೆ ನನಗೆ ಆತ್ಮಗಳ ಬಗ್ಗೆ ಹೊರೆ, ಅಂದರೆ ಕಾಳಜಿ, ಇಲ್ಲ ಅಂತಾಯಿತು.

ಇಲ್ಲಿ ಕಾನೂನಿನ ಮಾತು ಹೇಳಲೇಬೇಕು. ನನಗೂ ಗೊತ್ತಾದದ್ದು ವಾಪಸ್ ಬಂದ ಮೇಲೆ. ನೇಪಾಳದ 2015ರ ಸಂವಿಧಾನದ 26ನೇ ವಿಧಿಯಲ್ಲೇ ಇನ್ನೊಬ್ಬರ ಧರ್ಮ ಬದಲಿಸುವಂತಿಲ್ಲ ಅಂತ ಇದೆ. 2018ರ ಆಗಸ್ಟ್‌ನಿಂದ ಜಾರಿಯಲ್ಲಿರುವ ದಂಡ ಸಂಹಿತೆಯ 158ನೇ ಕಲಮಿನ ಪ್ರಕಾರ ಮತಾಂತರ ಮಾಡಿದರೆ, ಅಥವಾ ಅದಕ್ಕೆ ಪ್ರಚೋದಿಸಿದರೂ, ಐದು ವರ್ಷದವರೆಗೆ ಜೈಲು, 50 ಸಾವಿರ ನೇಪಾಳಿ ರೂಪಾಯಿವರೆಗೆ ದಂಡ. ವಿದೇಶಿಯರಾದರೆ ಶಿಕ್ಷೆ ಮುಗಿದ ಏಳು ದಿನದೊಳಗೆ ದೇಶದಿಂದ ಹೊರಗೆ. ಡೋಲ್ಪಾದ ಕೋರ್ಟು 2021ರಲ್ಲಿ ಒಬ್ಬ ಪಾಸ್ಟರ್‌ಗೆ ಎರಡು ವರ್ಷ ಶಿಕ್ಷೆ ಹಾಕಿತ್ತು. ಆ ಕಾನೂನು ಸರಿಯೋ ತಪ್ಪೋ ಅನ್ನುವುದು ಬೇರೆ ಚರ್ಚೆ. ನನಗೂ ಅದು ಸರಿ ಅನ್ನಿಸುವುದಿಲ್ಲ. ಆದರೆ ಅಲ್ಲಿನ ಕ್ರೈಸ್ತರು, 2021ರ ಜನಗಣತಿಯಲ್ಲಿ ನೂರಕ್ಕೆ ಎರಡರಷ್ಟೂ ಇಲ್ಲದವರು, ಅದರ ಕೆಳಗೆ ದಿನಾ ಬದುಕಬೇಕು. ಎಲ್ಲಿ ಎಷ್ಟು ಮಾತಾಡಬೇಕು ಅನ್ನುವುದು ಅವರಿಗೆ ಗೊತ್ತು. ನಮಗೆ ವೀಸಾ ಇಲ್ಲ, ಯಾಕೆ ಬಂದಿರಿ ಅಂತ ಕೇಳುವವರಿಲ್ಲ. ಹಾಗಾಗಿ ಬೇರೆ ದೇಶದಲ್ಲಿದ್ದೇವೆ ಅನ್ನುವುದೇ ಮರೆತುಹೋಗುತ್ತದೆ.

ಆ ದಿನದ ಸ್ಕಿಟ್ ನೆನೆಸಿಕೊಂಡರೆ ಈಗಲೂ ಮುಖ ಬಿಸಿಯಾಗುತ್ತದೆ. ಕತ್ತಲು, ಬೆಳಕು ಅಂತ ಎರಡು ಪಾತ್ರ. ಬೆಂಗಳೂರಿನಲ್ಲಿ ಕಲಿತಾಗ ಕತ್ತಲಿಗೆ ಕರಿ ಬಟ್ಟೆ ಮಾತ್ರ ಇತ್ತು. ಅಲ್ಲಿ ಅಣ್ಣ ಅದರ ಹಣೆಗೆ ಕೆಂಪು ಟೀಕಾ ಹಚ್ಚಿಸಿದರು. ದಶೈಂನಲ್ಲಿ ಮನೆಯ ಹಿರಿಯರು ಮಕ್ಕಳ ಹಣೆಗೆ ಅಕ್ಕಿ, ಮೊಸರು, ಕುಂಕುಮ ಕಲಸಿ ಇಟ್ಟು ಹರಸುವ ಟೀಕಾ ಅದು. ಎರಡು ದಿನ ಬಿಟ್ಟರೆ ಆ ಮಕ್ಕಳೆಲ್ಲ ಅಜ್ಜ ಅಜ್ಜಿಯರ ಮುಂದೆ ಕೂತು ಅದನ್ನೇ ಇಡಿಸಿಕೊಳ್ಳುವವರು.

ಆಮೇಲೆ ಅಣ್ಣ ಮಾತಾಡಿದರು. ಪಾಸ್ಟರ್ ನೇಪಾಳಿಗೆ ಅನುವಾದ ಮಾಡಬೇಕು. ಅಣ್ಣ ಎರಡು ನಿಮಿಷ ಮಾತಾಡಿದರೆ ಪಾಸ್ಟರ್ ಒಂದೇ ವಾಕ್ಯ ಹೇಳುತ್ತಿದ್ದರು. ನೇಪಾಳಿ ಬಾರದ ನನಗೂ ಗೊತ್ತಾಯಿತು, ಅವರು ಬೇರೇನೋ ಹೇಳುತ್ತಿದ್ದಾರೆ. ಒಮ್ಮೆ ಹೋಗಿ ಕಿಟಕಿ ಮುಚ್ಚಿ ಬಂದರು. ಅಣ್ಣನಿಗೆ ತಾಳ್ಮೆ ಸಾಲದೆ ಸೀದಾ ಹಿಂದಿಯಲ್ಲೇ ಶುರುಮಾಡಿದರು. ಮೊಮ್ಮಗನನ್ನು ಕರೆದುಕೊಂಡು ಹೋಗಲು ಬಂದ ಅಜ್ಜನೊಬ್ಬರು ಬಾಗಿಲಲ್ಲಿ ನಿಂತಿದ್ದರು. ಅವರಿಗೆ ಹಿಂದಿ ಪೂರ್ತಿ ಅರ್ಥವಾಯಿತು. ಕೂಗಾಡಲಿಲ್ಲ. ಒಳಗೆ ಬಂದು, ಮೊಮ್ಮಗನ ಕೈಯಲ್ಲಿದ್ದ ಬಿಸ್ಕತ್ ಪ್ಯಾಕೆಟ್ ತೆಗೆದು ಮೇಜಿನ ಮೇಲಿಟ್ಟು, ಹುಡುಗನನ್ನು ಕರೆದುಕೊಂಡು ಹೋದರು.

ಹಾಳೆಯಲ್ಲಿ 41 ಅಂತ ಬರೆದರು. ಕೈ ಎತ್ತಿದವರು. ಬಿಸ್ಕತ್ತು ಯಾರಿಗೆ ಸಿಕ್ಕಿಲ್ಲ ಅಂತ ಕೇಳಿದಾಗಲೂ ಅಷ್ಟೇ ಕೈ ಎದ್ದಿದ್ದವು.

ಫೋಟೋಗಳು ಆ ರಾತ್ರಿಯೇ ಫೇಸ್‌ಬುಕ್‌ಗೆ ಹೋದವು, ಊರಿನ ಹೆಸರಿನ ಸಮೇತ. ಮರುದಿನ ವಾರ್ಡ್ ಕಚೇರಿಯವರೊಬ್ಬರು ಬಂದು ಪಾಸ್ಟರ್ ಜೊತೆ ಅಂಗಳದಲ್ಲಿ ತುಂಬಾ ಹೊತ್ತು ಮಾತಾಡಿದರು. ಪಾಸ್ಟರ್ ಹೆಂಡತಿ, ನಾವು ದಿದಿ ಅಂತಿದ್ದೆವು, ಅಡುಗೆ ಒಲೆಯ ಮುಂದೆ ಕೂತು ನಮ್ಮ ಕರಪತ್ರಗಳನ್ನು ಒಂದೊಂದಾಗಿ ಒಲೆಗೆ ಹಾಕುತ್ತಿದ್ದರು. ಅದರ ಮೇಲೆಯೇ ನಮ್ಮ ಅನ್ನ ಬೇಯುತ್ತಿತ್ತು. ಬೆಳಗಿನ ಜಾವ ನಾಲ್ಕಕ್ಕೆ ನಮ್ಮನ್ನು ಎಬ್ಬಿಸಿ ಎರಡು ಸುಮೋದಲ್ಲಿ ಕಠ್ಮಂಡುವಿಗೆ ಕಳಿಸಿದರು. ಅಂದು ದಶಮಿ. ಬೆಳಕಾದ ಮೇಲೆ ದಾರಿ ಉದ್ದಕ್ಕೂ ಹೊಸ ಬಟ್ಟೆ ಹಾಕಿಕೊಂಡ ಜನ.

ಉಳಿದ ನಾಲ್ಕು ದಿನ ಠಮೆಲ್‌ನ ಹೋಟೆಲಿನಲ್ಲಿ. ಶಾಲು ಕೊಂಡೆವು, ಮೋಮೋ ತಿಂದೆವು. ಅದೇ ಹೊತ್ತಿಗೆ ಪಾಸ್ಟರ್‌ನನ್ನು ಠಾಣೆಗೆ ಕರೆಸಿ ಸಂಜೆಯವರೆಗೆ ಕೂರಿಸಿ, ಬರೆಸಿಕೊಂಡು ಬಿಟ್ಟರು. ಕೇಸ್ ಆಗಲಿಲ್ಲ, ಪುಣ್ಯ. ಆದರೆ ಹಾಲ್‌ನಲ್ಲಿ ಅವರು ನಡೆಸುತ್ತಿದ್ದ ಸಂಜೆಯ ಟ್ಯೂಷನ್ ನಿಂತಿತು. ಎಲ್ಲ ಜಾತಿ, ಎಲ್ಲ ಧರ್ಮದ ಮಕ್ಕಳು ಬರುತ್ತಿದ್ದ ಟ್ಯೂಷನ್ ಅದು. ಅಲ್ಲಿ ನಿಜವಾಗಿ ಪಾಠ ಅಂತ ನಡೆಯುತ್ತಿದ್ದದ್ದು ಅದೊಂದೇ. ಅವರು ನನಗೆ ಕಳಿಸಿದ ಮೆಸೇಜ್‌ನಲ್ಲಿ ಬೈಗುಳ ಇರಲಿಲ್ಲ. 'ಬಹಿನಿ (ತಂಗಿ), ಆ ಫೋಟೋ ಡಿಲೀಟ್ ಮಾಡಿಸಿ' ಅಂತ ಮಾತ್ರ ಇತ್ತು.

ಫೋಟೋ ಡಿಲೀಟ್ ಮಾಡಿಸಲು ಮೂರು ತಿಂಗಳು ಹಿಡಿಯಿತು. 'ಹಿಂಸೆ ಬಂದರೆ ಆಶೀರ್ವಾದ ಅಲ್ವಾ ಸಿಸ್ಟರ್' ಅಂದರು ಅಣ್ಣ. ಹಿಂಸೆ ಯಾರಿಗೆ, ಆಶೀರ್ವಾದ ಯಾರಿಗೆ ಅಂತ ಕೇಳಿದೆ. ಗ್ರೂಪ್‌ನಿಂದ ತೆಗೆದರು. ಖರ್ಚಿನ ಲೆಕ್ಕ ಕೇಳಿದ್ದಕ್ಕೂ ಉತ್ತರ ಬರಲಿಲ್ಲ.

ನಿಮಗೆ ಇಂಥ ಫಾರಂ ಬಂದರೆ, ಮೊದಲು ಅಲ್ಲಿನ ಆತಿಥೇಯರ ನಂಬರ್ ಕೇಳಿ, ಲೀಡರ್ ಇಲ್ಲದಾಗ ನೀವೇ ಫೋನ್ ಮಾಡಿ. ನಮ್ಮನ್ನು ಕರೆದದ್ದು ನೀವಾ, ಈ ತಾರೀಖು ನಿಮಗೆ ಅನುಕೂಲವಾ, ಯಾವ ಪಾಠ ಬೇಕು ಅಂತ ಅವರ ಬಾಯಿಂದಲೇ ಕೇಳಿ. ನಂಬರ್ ಕೊಡಲ್ಲ ಅಂದರೆ ಅಲ್ಲಿಗೆ ಬಿಡಿ. ಏನು ಕಲಿಸುತ್ತೇವೆ ಅನ್ನುವುದನ್ನು ಬರೆದು ಕೊಡಲಿ, ಬರೆದದ್ದರಲ್ಲಿ ಇಲ್ಲದ್ದನ್ನು ಅಲ್ಲಿ ಹೋದ ಮೇಲೆ ಮಾಡಿಸಿದರೆ ಆಗಲ್ಲ ಅನ್ನಿ. ನಾನು ಅನ್ನಲಿಲ್ಲ. ಕರಪತ್ರದ ಕಟ್ಟು ನನ್ನ ಕೈಯಲ್ಲೂ ಇತ್ತು, ನಾನೂ ಹಂಚಿದೆ.

ಅಜ್ಜಿಗೆ ಐದುನೂರರ ನೋಟು ವಾಪಸ್ ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ. "ಮತ್ತೆ ಹುಡುಗರಿಗೆ ಏನ್ ತಿನ್ನಾಕ ಕೊಡ್ಸಿದಿ?" ಅಂದರು. ಬಿಸ್ಕತ್ತು ಅಂದೆ.

ಈ ವರ್ಷದ ಪೋಸ್ಟರ್ ಹೋದ ವಾರ ಬಂದಿದೆ. ಬೇರೆ ಹಳ್ಳಿಯಂತೆ, ತಾರೀಖು ಮತ್ತೆ ದಶೈಂ ವಾರದ್ದೇ. ಮುಂದೆ ನಗುತ್ತಿರುವ ಮಗು ಆ ಏಳನೇ ಕ್ಲಾಸಿನ ಹುಡುಗಿ. ನೋಟ್‌ಬುಕ್ ಎದೆಗೆ ಒತ್ತಿ ಹಿಡಿದಿದ್ದಾಳೆ.