ಹೋಂ ಲೋನ್ ಹೋಲಿಕೆ ಆಪ್: ಬಡ್ಡಿ ಪಟ್ಟಿ ನೋಡೋಕೆ ಸರಿ, ಓಟಿಪಿ ಕೊಡುವ ಮುಂಚೆ ಇದನ್ನ ಓದಿ

ಆಪ್ ಹೆಸರು ಬೇಡ. ಇಂಥವು ಬೇಕಾದಷ್ಟಿವೆ. ಒಂದೇ ಫಾರಂ ತುಂಬಿ, ಎಲ್ಲ ಬ್ಯಾಂಕುಗಳ ಆಫರ್ ನೋಡಿ, ನಿಮ್ಮ ಸಿಬಿಲ್ ಸ್ಕೋರ್ (ಸಾಲ ತೀರಿಸುವ ರೀತಿ ನೋಡಿ ಕೊಡುವ ಅಂಕ) ಮೇಲೆ ಏನೂ ಪರಿಣಾಮ ಇಲ್ಲ ಅಂತ ಜಾಹೀರಾತು. ಕೊನೆಯ ಮಾತು ಅರ್ಧ ಮಾತ್ರ ನಿಜ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಬಡ್ಡಿ ಪಟ್ಟಿ ಚೆನ್ನಾಗಿದೆ. ಪ್ರೊಸೆಸಿಂಗ್ ಫೀ ಎಷ್ಟು, ದರ ರಿಸರ್ವ್ ಬ್ಯಾಂಕಿನ ರೆಪೋ ದರಕ್ಕೆ ಜೋಡಿಸಿದ್ದಾ ಅಲ್ವಾ, ಎಲ್ಲ ಒಂದೇ ಕಡೆ ಸಿಗುತ್ತದೆ. ನಾವು ಕನಕಪುರ ರಸ್ತೆ ಕಡೆ ಫ್ಲ್ಯಾಟ್ ನೋಡಿದ್ದೆವು, 50 ಲಕ್ಷ ಸಾಲ ಬೇಕಿತ್ತು. 20 ವರ್ಷಕ್ಕೆ ಶೇ 8.5 ಆದರೆ ಇಎಂಐ ಸುಮಾರು 43,400 ರೂಪಾಯಿ, ಶೇ 8.75 ಆದರೆ ಸುಮಾರು 44,200. ಕಾಲು ಪರ್ಸೆಂಟ್ ಅಷ್ಟೇ ಅನಿಸುತ್ತದೆ, ಆದರೆ ದರ ಹಾಗೇ ಇದ್ದರೆ ಕೊನೆಗೆ 1.9 ಲಕ್ಷದಷ್ಟು ವ್ಯತ್ಯಾಸ. ಹಾಗಾಗಿ ನಾಲ್ಕು ಕಡೆ ವಿಚಾರಿಸಲೇಬೇಕು, ಸ್ಕೋರಿಗೆ ಹೆದರಿ ಸುಮ್ನೆ ಸಂಬಳದ ಅಕೌಂಟ್ ಇರುವ ಬ್ಯಾಂಕಿಗೇ ಹೋಗಿಬಿಡುವುದು ದಡ್ಡತನ.

ತೊಂದರೆ ಇರುವುದು ಎರಡನೇ ಪುಟದಲ್ಲಿ. ಪ್ಯಾನ್ ನಂಬರ್ ಹಾಕಿದರೆ ಓಟಿಪಿ ಬರುತ್ತದೆ. ನಿಮ್ಮ ಸ್ಕೋರ್ ತೋರಿಸೋಕೆ ಅಂತ ಮೇಲೆ ದೊಡ್ಡದಾಗಿ ಬರೆದಿದೆ. ಕೆಳಗೆ ಸಣ್ಣಕ್ಷರದಲ್ಲಿ, ನಮ್ಮ ಪಾಲುದಾರ ಸಂಸ್ಥೆಗಳೂ ನಿಮ್ಮ ವರದಿ ತೆಗೆಯಬಹುದು ಅಂತ ಇದೆ. ಇವೆರಡೂ ಬೇರೆ ಬೇರೆ ವಿಷಯ. ನಮ್ಮ ಸ್ಕೋರನ್ನು ನಾವೇ ನೋಡಿದರೆ ಒಂದು ಅಂಕವೂ ಇಳಿಯುವುದಿಲ್ಲ, ಎಷ್ಟು ಸಲ ಬೇಕಾದರೂ ನೋಡಿ. ಆದರೆ ಸಾಲದ ಅರ್ಜಿ ಅಂತ ಬ್ಯಾಂಕು ವರದಿ ತೆಗೆದರೆ ಅದು ಎನ್‌ಕ್ವೈರಿ, ಯಾವ ಸಂಸ್ಥೆ, ಯಾವ ತಾರೀಖು, ಯಾವ ಥರದ ಸಾಲ, ಎಷ್ಟು ಮೊತ್ತ ಎಲ್ಲ ವರದಿಯಲ್ಲಿ ಕೂರುತ್ತದೆ, ಸ್ಕೋರೂ ಸ್ವಲ್ಪ ಇಳಿಯಬಹುದು. ಆಪ್‌ನವರು ಇವೆರಡಕ್ಕೂ ಒಂದೇ ಓಟಿಪಿಯಲ್ಲಿ ಒಪ್ಪಿಗೆ ತೆಗೆದುಕೊಳ್ಳುತ್ತಾರೆ. ಅದನ್ನು ಓದಿಯೇ ಅವರ ಏಜೆಂಟಿಗೆ ಫೋನಿನಲ್ಲಿ ಎರಡು ಬ್ಯಾಂಕಿಗೆ ಮಾತ್ರ ಕಳಿಸಿ ಅಂತ ಹೇಳಿದ್ದೆ, ಆಯ್ತು ಸಾರ್ ಅಂದಿದ್ದ.

ಒಂದೇ ಸಂಜೆ ಎಸ್‌ಎಂಎಸ್ ಮೇಲೆ ಎಸ್‌ಎಂಎಸ್: ನಿಮ್ಮ ಕ್ರೆಡಿಟ್ ವರದಿಯನ್ನು ಇಂಥ ಸಂಸ್ಥೆ ನೋಡಿದೆ. ನಾನು ಹೆಸರೇ ಕೇಳದ ಫೈನಾನ್ಸ್ ಕಂಪನಿಗಳೂ ಅದರಲ್ಲಿದ್ದವು. ಹೀಗೆ ತಿಳಿಸಬೇಕು ಅಂತ 2023ರಲ್ಲಿ ರಿಸರ್ವ್ ಬ್ಯಾಂಕ್ ನಿಯಮ ಮಾಡಿದ್ದಕ್ಕೆ ಗೊತ್ತಾಯಿತು, ಇಲ್ಲದಿದ್ದರೆ ಬ್ಯಾಂಕಿನವರು ಕೇಳಿದಾಗಲೇ ತಿಳಿಯುತ್ತಿತ್ತು.

ಸ್ಕೋರ್ ಎಷ್ಟು ಬಿತ್ತು ಅಂದರೆ, ಹತ್ತಕ್ಕಿಂತ ಸ್ವಲ್ಪ ಜಾಸ್ತಿ. 780ರ ಹತ್ತಿರ ಇದ್ದವರಿಗೆ ಅದು ದೊಡ್ಡ ವಿಷಯ ಅಲ್ಲ. ಕೆಲವು ಬ್ಯಾಂಕುಗಳು ಸ್ಕೋರಿನ ಹಂತ ನೋಡಿ ದರ ಹಾಕುತ್ತವೆ, ನೀವು ಹಂತದ ಅಂಚಿನಲ್ಲಿದ್ದರೆ ಮಾತ್ರ ಹೊಡೆತ. ನಿಜವಾದ ಕಿರಿಕಿರಿ ಬೇರೆ. ಬ್ಯಾಂಕಿನ ಕ್ರೆಡಿಟ್ ಮ್ಯಾನೇಜರ್ ಆ ಎನ್‌ಕ್ವೈರಿಗಳ ಸಾಲು ತೋರಿಸಿ, ಇಷ್ಟು ಕಡೆ 50 ಲಕ್ಷಕ್ಕೆ ಹಾಕಿದ್ದೀರಲ್ಲ, ಎಲ್ಲಾದರೂ ಸಾಲ ಆಗಿದೆಯಾ, ಯಾರಾದರೂ ರಿಜೆಕ್ಟ್ ಮಾಡಿದ್ದಾರಾ ಅಂತ ಕೇಳಿದರು. ಬೇರೆಲ್ಲೂ ಸಾಲ ತೆಗೆದಿಲ್ಲ ಅಂತ ಪತ್ರ ಬರೆದುಕೊಟ್ಟೆ. ಇ-ಖಾತಾ, ಇಸಿ, ತಾಯಿಪತ್ರ ಅಂತ ಆಸ್ತಿ ಕಾಗದಗಳಿಗೆ ಓಡಾಡುವುದೇ ಸಾಕಷ್ಟಿರುವಾಗ ಇದೊಂದು ಹೆಚ್ಚುವರಿ.

ಅಮೆರಿಕದಲ್ಲಿರುವ ನಮ್ಮ ಭಾವ, ಎಷ್ಟು ಬ್ಯಾಂಕಿಗೆ ಹಾಕಿದರೂ ಒಂದೇ ಅಂತ ಲೆಕ್ಕ ಕಣೋ ಅಂದರು. ಅಲ್ಲಿ ಸಿಬಿಲ್ ಥರದ್ದೇ ಆದ ಫೈಕೋ ಸ್ಕೋರಿನ ಹೊಸ ಮಾದರಿಗಳು 45 ದಿನದೊಳಗಿನ ಮನೆ ಸಾಲದ ಎನ್‌ಕ್ವೈರಿಗಳನ್ನು ಒಂದೇ ಅಂತ ಎಣಿಸುತ್ತವೆ, ಹಳೇ ಮಾದರಿಗಳಲ್ಲಿ 14 ದಿನ. ಇಲ್ಲಿ ಅದನ್ನು ನಂಬಿಕೊಂಡು ಕೂರಬೇಡಿ.

ಆಪ್ ಬಳಸುವುದಾದರೆ ಪಟ್ಟಿ ನೋಡಿ ಅಲ್ಲಿಗೇ ನಿಲ್ಲಿಸಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್, ಕ್ರೆಡಿಟ್ ವರದಿ ಕೊಡುವ ಈ ನಾಲ್ಕೂ ಕಂಪನಿಗಳಲ್ಲಿ ವರ್ಷಕ್ಕೆ ಒಂದು ಪೂರ್ತಿ ವರದಿ ಫ್ರೀ. ಅದರ ಪ್ರಿಂಟು, ಸಂಬಳದ ಸ್ಲಿಪ್ಪು ಹಿಡಿದು ಬ್ರಾಂಚಿಗೆ ಹೋಗಿ, ಈ ಸ್ಕೋರಿಗೆ ಎಷ್ಟು ದರ ಕೊಡ್ತೀರಾ ಅಂತ ಬಾಯಿಮಾತಲ್ಲೇ ಕೇಳಿ. ಬಹಳ ಕಡೆ ಹೇಳುತ್ತಾರೆ. ಇಷ್ಟವಾದ ಒಂದೆರಡು ಕಡೆ ಮಾತ್ರ ಅರ್ಜಿ ಹಾಕಿ.

ಕೇಳದೆ ತೆಗೆದ ಎನ್‌ಕ್ವೈರಿಗಳ ಬಗ್ಗೆ ದೂರು ಕೊಟ್ಟಿದ್ದೇನೆ. 30 ದಿನದೊಳಗೆ ಬಗೆಹರಿಸದಿದ್ದರೆ ಆಮೇಲೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ನಿಯಮ ಇದೆ. ಒಂದು ಫೈನಾನ್ಸ್ ಕಂಪನಿ ಆಗಲೇ ಉತ್ತರ ಕಳಿಸಿದೆ: ನಿಮ್ಮ ಓಟಿಪಿ ಒಪ್ಪಿಗೆ ನಮ್ಮಲ್ಲಿದೆ. ಫೋನಿನಲ್ಲಿ ಹೇಳಿದ್ದಕ್ಕೆ ದಾಖಲೆ ಇಲ್ಲವಂತೆ.

ಪಟ್ಟಿಗೆ ಐದಕ್ಕೆ ನಾಲ್ಕು, ಸೇವೆಗೆ ಒಂದು.