ಮೂರು ಪಟ್ಟಿ, ಒಂದು ಲಾ ಸೀಟು

ಮಗಳು ಪಿಯುಸಿ ಮುಗಿಸಿ ಲಾ ಓದುತ್ತೇನೆ ಅಂದಾಗ ನಮ್ಮ ಮನೆಯಲ್ಲಿ ಯಾರಿಗೂ ಆ ದಾರಿ ಗೊತ್ತಿರಲಿಲ್ಲ. ವಿರಾಜಪೇಟೆ ಕಡೆ ಜುಲೈ ಮಳೆ ಬೇರೆ. ಕರೆಂಟು ಹೋದರೆ ಎರಡು ದಿನ ಬರುವುದಿಲ್ಲ. ಫೋನಿನಲ್ಲಿ ಚಾರ್ಜ್ ಇದ್ದಷ್ಟು ಹೊತ್ತು ರ‍್ಯಾಂಕಿಂಗ್ ನೋಡುವುದೇ ಕೆಲಸವಾಯಿತು.

ಮೊದಲು ತೆಗೆದದ್ದು ಕಾಲೇಜುಗಳಿಗೆ ರ‍್ಯಾಂಕ್ ಕೊಡುವ ಕೇಂದ್ರ ಸರ್ಕಾರದ ಪಟ್ಟಿ, ಎನ್‌ಐಆರ್‌ಎಫ್. ಕಾನೂನಿಗೆ ಬೇರೆ ಪಟ್ಟಿ ಬಂದದ್ದು 2018ರಲ್ಲಿ. ಅಂದಿನಿಂದ ಮೊದಲ ಸ್ಥಾನ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನದ್ದು. ಅದಕ್ಕೆ ಕ್ಲಾಟ್ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಮಗಳು ಬರೆದಿದ್ದಳು, ಸೀಟು ಸಿಗಲಿಲ್ಲ. 2024ರ ಪಟ್ಟಿಯಲ್ಲಿ ಇದ್ದದ್ದು 40 ಹೆಸರು. ನಮ್ಮ ಕೈಗೆಟುಕುವ ಕಾಲೇಜುಗಳು ಅದರಲ್ಲಿ ಇರಲಿಲ್ಲ.

ಆದರೂ ಅದನ್ನು ಬಿಡಬೇಡಿ. ರ‍್ಯಾಂಕ್ ಬರಲಿ ಬಿಡಲಿ, ಆ ರ‍್ಯಾಂಕಿಂಗಿಗೆ ಅರ್ಜಿ ಹಾಕಿದ ಕಾಲೇಜು ಕೊಟ್ಟ ಮಾಹಿತಿಯ ಪಿಡಿಎಫ್ ಅದರ ವೆಬ್‌ಸೈಟಿನಲ್ಲೇ ಸಿಗುತ್ತದೆ. ಅದರಲ್ಲಿ ಮೇಷ್ಟ್ರುಗಳ ಹೆಸರು, ಅವರು ಕೆಲಸಕ್ಕೆ ಸೇರಿದ ತಾರೀಖು ಎಲ್ಲ ಇರುತ್ತದೆ. ನಾವು ನೋಡಿದ ಒಂದು ಕಾಲೇಜಿನಲ್ಲಿ ಅರ್ಧಕ್ಕರ್ಧ ಜನ ಸೇರಿ ಒಂದು ವರ್ಷವೂ ಆಗಿರಲಿಲ್ಲ! ನನಗೆ ರ‍್ಯಾಂಕಿಗಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಆ ಕಾಲಂ. ಓದಿ ಹೊರಬಂದವರ ಸಂಬಳದ ಕಾಲಂ ಮಾತ್ರ ನಂಬಿಕೊಂಡು ಕೂರಬೇಡಿ. ಸೀನಿಯರ್ ಲಾಯರ್ ಹತ್ತಿರ ಜೂನಿಯರ್ ಆಗಿ ಸೇರಿದ ಹುಡುಗಿಯ ಕಥೆ ಅದರಲ್ಲಿ ಬರುವುದಿಲ್ಲ, ನನ್ನ ಮಗಳಿಗೆ ಬೇಕಿದ್ದದ್ದೋ ಅದೇ.

ಎರಡನೆಯದು ಪಕ್ಕದ ತೋಟದವರು ಕೊಟ್ಟ ಒಂದು ಪತ್ರಿಕೆಯ ರ‍್ಯಾಂಕಿಂಗ್. ನೋಡಲು ಚೆಂದ, ಓದಲು ಸಲೀಸು. ನಮಗೆ ಹಿಡಿಸಿದ ಕಾಲೇಜಿನ ಪೂರ್ತಿ ಪುಟದ ಜಾಹೀರಾತು ಎರಡು ಹಾಳೆ ಆಚೆಗೇ ಇತ್ತು. ಆಗಲೇ ಅನುಮಾನ ಬರಬೇಕಿತ್ತು, ಅಲ್ವಾ? ಕೊಡೆ ಹಿಡಿದು ಬಸ್ಸು ಬದಲಿಸಿ ಹೋದೆವು. ಮಧ್ಯಾಹ್ನ ಮೂರು ಗಂಟೆಗೆ ಲೈಬ್ರರಿಗೆ ಬೀಗ. ಕೀ ಯಾರ ಹತ್ತಿರ ಇದೆ ಅಂತ ಜವಾನನಿಗೂ ಗೊತ್ತಿರಲಿಲ್ಲ.

ಮೂರನೆಯ ಪಟ್ಟಿ ನಾವೇ ಮಾಡಿದ್ದು. ಮಡಿಕೇರಿ ಕೋರ್ಟಿನ ಹತ್ತಿರ ಕಾಫಿ ಕುಡಿಯುತ್ತಾ ನಾಲ್ಕೈದು ಲಾಯರ್‌ಗಳನ್ನು ಮಾತಾಡಿಸಿದೆವು. ಒಬ್ಬರು ನಕ್ಕು, "ಜಮ್ಮಾ ಬಾಣೆ ಕೇಸಿಗೆ ಕಕ್ಷಿದಾರ ಬಂದು ನಿಮ್ಮ ಕಾಲೇಜಿನ ರ‍್ಯಾಂಕ್ ಕೇಳೋದಿಲ್ಲ ಸಾರ್" ಅಂದರು. ಜಮ್ಮಾ ಬಾಣೆ ಅಂದರೆ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮೀನು. ರಾಜ್ಯದ ಹೆಚ್ಚಿನ ಲಾ ಕಾಲೇಜುಗಳು ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದವು, ಸಿಲಬಸ್ ಒಂದೇ. ಹಾಗಾಗಿ ಪಾಠ ಯಾರು ಮಾಡುತ್ತಾರೆ, ಮೂಟ್ ಕೋರ್ಟ್ (ವಿದ್ಯಾರ್ಥಿಗಳು ವಾದ ಮಾಡಿ ಕಲಿಯುವ ಅಣಕು ಕೋರ್ಟು) ನಿಜವಾಗಿ ನಡೆಯುತ್ತದಾ, ಇದನ್ನೇ ವಿಚಾರಿಸಿ ಅಂದರು. ಇದರಲ್ಲೂ ಒಂದು ತೊಂದರೆ: ಪ್ರತಿಯೊಬ್ಬರೂ ತಾವು ಓದಿದ ಕಾಲೇಜನ್ನೇ ಹೊಗಳಿದರು. ಬಾರ್ ಕೌನ್ಸಿಲ್ ಮಾನ್ಯತೆ ಇದೆಯಾ ಅಂತ ಮಾತ್ರ ಯಾರ ಮಾತೂ ಕೇಳದೆ ನಾವೇ ನೋಡಿಕೊಂಡೆವು.

ಕೊನೆಗೆ ಪಿಡಿಎಫ್ ನೋಡಿ ಮೂರು ಕಾಲೇಜು ಉಳಿಸಿಕೊಂಡು, ಲಾಯರ್‌ಗಳ ಮಾತು ಕೇಳಿ ಒಂದನ್ನು ಬಿಟ್ಟೆವು. ಉಳಿದ ಎರಡರಲ್ಲಿ ಮೈಸೂರಿನದ್ದು ಗೆದ್ದದ್ದು ಬಸ್ಸಿನಿಂದ. ಕೊಡಗಿಗೆ ರೈಲು ಇಲ್ಲ. ಗೋಣಿಕೊಪ್ಪ, ಹುಣಸೂರು ದಾಟಿದರೆ ಮೈಸೂರು, ವಾರದ ಕೊನೆಗೆ ಬಂದುಹೋಗಬಹುದು.

ಸೇರಿದ ಮೊದಲ ವಾರ ಮಗಳು ಫೋನ್ ಮಾಡಿದಳು. "ಅಪ್ಪಾ, ಇಲ್ಲಿ ಲೈಬ್ರರಿ ಸಂಜೆ ಏಳರವರೆಗೂ ತೆಗೆದಿರುತ್ತೆ."